ಹಿಮ್ಮಡಿಯ ನೋವೇ ಬೇರೆ, ಕಾಲಿನ ಊತವೇ ಬೇರೆ

ಮಾನ್ಯ ಸಂಪಾದಕರೇ,

ಸೈಕಲ್ ತುಳಿಯುವುದರಿಂದ ಹೃದಯಕ್ಕೂ ಮನಸ್ಸಿಗೂ ಊರಿನ ಗಾಳಿಗೂ ಆಗುವ ಒಳಿತನ್ನು ಕುರಿತು ಕನ್ನಡ ಪತ್ರಿಕೆಗಳಲ್ಲಿ ಈಚೆಗೆ ಸಾಕಷ್ಟು ಲೇಖನಗಳು ಬರುತ್ತಿರುವುದು ಸಂತೋಷದ ಸಂಗತಿ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿನ್ ಟ್ರಿನ್’ ಬಾಡಿಗೆ ಸೈಕಲ್ ವ್ಯವಸ್ಥೆ ಬಂದ ಮೇಲೂ, ಕೊರೊನಾ ಕಾಲದಲ್ಲಿ ಜಿಮ್‌ಗಳು ಮುಚ್ಚಿದ್ದಾಗಲೂ ಹೊಸದಾಗಿ ಸೈಕಲ್ ಹತ್ತಿದವರಲ್ಲಿ, ನಾನು ಕಂಡಂತೆ, ನಲವತ್ತು ದಾಟಿದವರು ಅನೇಕರಿದ್ದರು. ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಇಂದಿಗೂ ಅವರನ್ನು ಕಾಣಬಹುದು. ಅವರಿಗೆ ಮಂಡಿ ನೋವಿನ ಬಗ್ಗೆ ಎಚ್ಚರಿಕೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು, ಅಂದರೆ ಅಕಿಲಿಸ್ ಟೆಂಡನ್, ನೋಯತೊಡಗಿದಾಗ ಏನು ಮಾಡಬೇಕು, ಕಾಲು ಊದಿಕೊಂಡಾಗ ಏನು ಮಾಡಬಾರದು ಎಂದು ಹೇಳುವವರು ವಿರಳ. ಈ ಪತ್ರ ಅದಕ್ಕಾಗಿ.

ಮೊದಲು ಹೇಳಬೇಕಾದ್ದು ಇವೆರಡೂ ಒಂದೇ ತೊಂದರೆ ಅಲ್ಲ ಎಂಬುದನ್ನು. ನಮ್ಮ ಸವಾರರ ಬಳಗದಲ್ಲಿ “ಹಿಮ್ಮಡಿ ಹಿಡಿದುಕೊಂಡಿದೆ, ಕಾಲೂ ಬಾತುಕೊಂಡಿದೆ” ಎಂದು ಒಂದೇ ಉಸಿರಿನಲ್ಲಿ ಹೇಳುವುದೂ, ಎರಡಕ್ಕೂ ಒಂದೇ ಮದ್ದಾಗಿ ಬಿಸಿ ಎಣ್ಣೆಯ ಮಾಲೀಸು, ಕ್ರೇಪ್ ಬ್ಯಾಂಡೇಜು ಮತ್ತು ಔಷಧದಂಗಡಿಯವರು ಕೊಟ್ಟ ನೋವಿನ ಮಾತ್ರೆಯನ್ನು ಸೂಚಿಸುವುದೂ ವಾಡಿಕೆ. ಸ್ನಾಯುರಜ್ಜು ಕೆಟ್ಟಾಗ ಬರುವ ಬಾವು ಅದರ ಜಾಗವನ್ನು ಬಿಟ್ಟು ಹೋಗುವುದಿಲ್ಲ. ಹಿಮ್ಮಡಿಯ ಮೂಳೆಯಿಂದ 2ರಿಂದ 6 ಸೆಂಟಿಮೀಟರ್ ಮೇಲೆ ರಜ್ಜು ದಪ್ಪವಾಗಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಅಮುಕಿದರೆ ಅಲ್ಲಿಯೇ ನೋಯುತ್ತದೆ. ಇನ್ನು ಕೆಲವರಿಗೆ ರಜ್ಜು ಮೂಳೆಗೆ ಅಂಟುವ ಜಾಗದಲ್ಲಿ ಉಬ್ಬು ಕಾಣುತ್ತದೆ. ಮೀನಖಂಡ, ಕಣಕಾಲು, ಪಾದ ಎಲ್ಲವೂ ಊದಿಕೊಂಡಿದ್ದರೆ ಅದರ ಕಾರಣವನ್ನು ರಜ್ಜಿನಲ್ಲಿ ಹುಡುಕಿ ಪ್ರಯೋಜನವಿಲ್ಲ.

ಮೀನಖಂಡದ ಎರಡು ಸ್ನಾಯುಗಳನ್ನು ಹಿಮ್ಮಡಿಯ ಮೂಳೆಗೆ ಸೇರಿಸುವ ಈ ರಜ್ಜು ದೇಹದಲ್ಲೇ ಅತಿ ದಪ್ಪವಾದದ್ದು, ಅತಿ ಗಟ್ಟಿಯಾದದ್ದು. ಓಟದಲ್ಲಿ ಅದರ ಮೇಲೆ ಬೀಳುವ ಹೊರೆಗೆ ಹೋಲಿಸಿದರೆ ಸೈಕಲ್ಲಿನಲ್ಲಿ ಬೀಳುವ ಹೊರೆ ಬಹಳ ಕಡಿಮೆ ಎಂಬುದು ನಿಜ. ಹಾಗಿದ್ದೂ ಸವಾರರಿಗೆ ನೋವು ಬರುವುದು ಒಂದೇ ಚಲನೆ ಸಾವಿರಾರು ಬಾರಿ ಮರುಕಳಿಸುವುದರಿಂದ. ನಿಮಿಷಕ್ಕೆ 80ರಿಂದ 90 ಸುತ್ತು ತುಳಿಯುವವರ ಒಂದೊಂದು ಕಾಲೂ ಗಂಟೆಗೆ 5,000ದಷ್ಟು ಬಾರಿ ಪೆಡಲನ್ನು ಒತ್ತುತ್ತದೆ. ಕೂರುವ ಭಂಗಿಯಲ್ಲಿ ಸಣ್ಣ ದೋಷವಿದ್ದರೂ ಅದು ಅಷ್ಟೇ ಬಾರಿ ಗುಣಿಸಿಕೊಳ್ಳುತ್ತದೆ. ಇದರ ಜೊತೆಗೆ ವಾರಕ್ಕೆ ಕೆಲವೇ ಗಂಟೆ ತುಳಿಯುತ್ತಿದ್ದವರು ಗೆಳೆಯರ ಮಾತಿಗೆ ಓಗೊಟ್ಟು ಹದಿಮೂರೂವರೆ ಗಂಟೆಗಳಲ್ಲಿ ಮುಗಿಸಬೇಕಾದ 200 ಕಿಲೋಮೀಟರ್ ಬ್ರೆವೆಗೆ (ಗಡುವಿನೊಳಗೆ ಮುಗಿಸುವ ದೂರದ ಸವಾರಿಗೆ) ಹೆಸರು ಕೊಡುವುದು, ಭಾರದ ಗೇರಿನಲ್ಲೇ ನಿಂತು ತುಳಿದು ನಂದಿಬೆಟ್ಟ ಹತ್ತುವುದು ಸೇರಿದರೆ ರಜ್ಜು ಹೊರೆಗೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಸ್ನಾಯುಗಳು ಕೆಲವೇ ವಾರಗಳಲ್ಲಿ ಬಲ ಪಡೆಯುತ್ತವೆ. ರಜ್ಜು ನಿಧಾನದ ವಸ್ತು, ಅದಕ್ಕೆ ತಿಂಗಳುಗಳು ಬೇಕು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗಳಲ್ಲಿ ಬಿಗಿತ, ಸ್ವಲ್ಪ ಓಡಾಡಿದ ಮೇಲೆ ಸಡಿಲ, ಸವಾರಿ ಮುಗಿಸಿದ ಸಂಜೆ ಅಥವಾ ಮರುದಿನ ಮತ್ತೆ ನೋವು: ಇದು ಅದರ ಸಾಮಾನ್ಯ ಲಕ್ಷಣ. ನಡುವೆ ಸಡಿಲವಾಗುವುದನ್ನು ನೋಡಿ ವಾಸಿಯಾಯಿತೆಂದು ತಿಳಿಯುವವರೇ ಹೆಚ್ಚು.

ಭಂಗಿಯ ದೋಷಗಳಲ್ಲಿ ಮುಖ್ಯವಾದದ್ದು ಸೀಟಿನ ಎತ್ತರ. ನಮ್ಮಲ್ಲಿ ಎರಡು ಪಂಥಗಳಿವೆ. ಎರಡೂ ಪಾದಗಳು ನೆಲಕ್ಕೆ ಪೂರ್ತಿ ತಾಕಬೇಕೆಂದು ಸೀಟನ್ನು ಕೆಳಗಿಳಿಸಿಕೊಳ್ಳುವವರು ಒಂದು ಕಡೆ, ದುಬಾರಿ ರೋಡ್ ಬೈಕ್ ಕೊಂಡು ಟೂರ್ ಡಿ ಫ್ರಾನ್ಸ್ ಸ್ಪರ್ಧಿಗಳಂತೆ ಕಾಣಬೇಕೆಂದು ಸೀಟನ್ನು ಮೇಲಕ್ಕೇರಿಸುವವರು ಇನ್ನೊಂದು ಕಡೆ. ಸೀಟು ತಗ್ಗಿದ್ದರೆ ಒತ್ತುವ ಹೊತ್ತಿನಲ್ಲಿ ಹಿಮ್ಮಡಿ ಕೆಳಗೆ ಜಗ್ಗಿ ರಜ್ಜು ಹೊರೆ ಹೊತ್ತಂತೆಯೇ ಹಿಗ್ಗುತ್ತದೆ. ಎತ್ತರವಿದ್ದರೆ ಪೆಡಲ್ ಕೆಳಗಿಳಿದಾಗಲೆಲ್ಲ ತುದಿಗಾಲಿನಲ್ಲಿ ಎಟುಕಿಸಬೇಕಾಗಿ ಮೀನಖಂಡಕ್ಕೆ ಬಿಡುವೇ ಇರುವುದಿಲ್ಲ. ಪರೀಕ್ಷೆ ಸುಲಭ. ಗೋಡೆ ಹಿಡಿದು ಸೀಟಿನ ಮೇಲೆ ನೇರವಾಗಿ ಕುಳಿತು, ಪೆಡಲನ್ನು ಪೂರ್ತಿ ಕೆಳಗೆ ತಂದು, ಅದರ ಮೇಲೆ ಹಿಮ್ಮಡಿ ಇಟ್ಟಾಗ ಸೊಂಟ ವಾಲದೆ ಮಂಡಿ ನೇರವಾಗಬೇಕು. ಆಮೇಲೆ ಪಾದದ ಮುಂಭಾಗವನ್ನು ಪೆಡಲಿನ ಮೇಲಿಟ್ಟರೆ ಮಂಡಿ ತುಸು ಬಾಗಿರುತ್ತದೆ. ಈ ಬಾಗು 25ರಿಂದ 35 ಡಿಗ್ರಿಯೊಳಗೆ ಇರುವುದು ಒಳ್ಳೆಯದೆಂದು ಸೈಕಲ್ ಫಿಟ್ಟಿಂಗ್ ಮಾಡುವವರು ಹೇಳುತ್ತಾರೆ. ಕ್ಲೀಟ್ (ಅಡಿಭಾಗದಲ್ಲಿದ್ದು ಪೆಡಲಿಗೆ ಸಿಕ್ಕಿಕೊಳ್ಳುವ ತುಂಡು) ಇರುವ ಬೂಟು ಹಾಕುವವರು, ರಜ್ಜು ನೋಯುತ್ತಿರುವಾಗ, ಕ್ಲೀಟನ್ನು ಹಿಮ್ಮಡಿಯ ಕಡೆಗೆ ಕೆಲವು ಮಿಲಿಮೀಟರ್ ಸರಿಸಿಕೊಂಡರೆ ಮೀನಖಂಡದ ಮೇಲಿನ ಹೊರೆ ತಗ್ಗುತ್ತದೆ. ಸಾದಾ ಚಪ್ಪಲಿಯಲ್ಲಿ ತುಳಿಯುವವರು ಬೆರಳುಗಳಿಂದ ಒತ್ತುವ ಅಭ್ಯಾಸ ಬಿಟ್ಟು ಪಾದವನ್ನು ತುಸು ಮುಂದಕ್ಕೆ ಇಟ್ಟುಕೊಂಡರೆ ಸಾಕು.

ಇಲ್ಲಿ ಇನ್ನೊಂದು ಮಾತು. ರಾಜ್ಯ ಸರ್ಕಾರ 2006-07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದಾಗ ಹಳ್ಳಿಯ ಹೆಣ್ಣುಮಕ್ಕಳಿಗೆ ಅದು ತೆರೆದ ದಾರಿಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ವಯಸ್ಸಿನ ಮಕ್ಕಳ ಎತ್ತರದಲ್ಲಿ ಒಂದು ಅಡಿಯವರೆಗೂ ವ್ಯತ್ಯಾಸ ಇರುವಾಗ, ಕೈಗೆ ಬಂದ ದಿನದ ಎತ್ತರದಲ್ಲೇ ಸೀಟಿನ ಪೈಪು ತುಕ್ಕು ಹಿಡಿದು ಕೂತುಬಿಡುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಅದನ್ನು ಸರಿಪಡಿಸಲು ಬೇಕಾದದ್ದು ಒಂದು ಸ್ಪ್ಯಾನರ್, ಒಂದಿಷ್ಟು ಗ್ರೀಸು.

ನೋವು ಬಂದ ಮೇಲೆ ಏನು? ತಿಂಗಳುಗಟ್ಟಲೆ ಸಂಪೂರ್ಣ ವಿಶ್ರಾಂತಿ ಎಂಬುದು ಕೇಳಲು ಸರಿಯೆನಿಸಿದರೂ ರಜ್ಜನ್ನು ಇನ್ನಷ್ಟು ದುರ್ಬಲಗೊಳಿಸುತ್ತದೆ. ವಿಶ್ರಾಂತಿಯ ನಂತರ ಮೊದಲ ಸವಾರಿಗೇ ನೋವು ಮರಳುವುದಕ್ಕೆ ಇದೇ ಕಾರಣ. ಸ್ವೀಡನ್ನಿನ ಮೂಳೆ ಶಸ್ತ್ರವೈದ್ಯ ಹೋಕನ್ ಆಲ್ಫ್ರೆಡ್ಸನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇತರ ಚಿಕಿತ್ಸೆಗಳಿಗೆ ಜಗ್ಗದ ದೀರ್ಘಕಾಲದ ನೋವಿದ್ದ 15 ಮಂದಿ ಹವ್ಯಾಸಿ ಕ್ರೀಡಾಪಟುಗಳಿಗೆ ಹೊರೆಯನ್ನೇ ಔಷಧವಾಗಿ ಕೊಡಲಾಯಿತು. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು, ನೋಯದ ಕಾಲಿನ ಸಹಾಯದಿಂದ ಮೇಲೇರಿ, ನೋಯುವ ಕಾಲೊಂದರ ಮೇಲೆ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು. ಮಂಡಿ ನೇರವಿಟ್ಟು 15ರಂತೆ ಮೂರು ಸಲ, ಮಂಡಿ ಬಾಗಿಸಿ 15ರಂತೆ ಮೂರು ಸಲ, ದಿನಕ್ಕೆ ಎರಡು ಹೊತ್ತು, ಅಂದರೆ ದಿನಕ್ಕೆ 180 ಬಾರಿ, 12 ವಾರ ಬಿಡದೆ. ಅವರೆಲ್ಲರೂ ಮತ್ತೆ ಓಟಕ್ಕೆ ಮರಳಿದರು. ಮುಂದೆ ಇದೇ ಕ್ರಮವನ್ನು ಅನುಸರಿಸಿದ ಎಲ್ಲರಿಗೂ ಅಷ್ಟೇ ಗುಣ ಕಾಣಲಿಲ್ಲ ಎಂಬುದೂ ನಿಜವೇ. ದಿನಕ್ಕೆ 180 ಬಾರಿ ಎಂದರೆ ಹೆದರುವವರಿಗೆ ಇನ್ನೊಂದು ದಾರಿಯಿದೆ: ವಾರಕ್ಕೆ ಮೂರು ದಿನ ಭಾರ ಹೊತ್ತು, ನಿಧಾನವಾಗಿ, ಹಿಮ್ಮಡಿಯನ್ನು ಏರಿಸುತ್ತಲೂ ಇಳಿಸುತ್ತಲೂ ಮಾಡುವ ವ್ಯಾಯಾಮದಿಂದಲೂ ಸರಿಸುಮಾರು ಅಷ್ಟೇ ಫಲ ಸಿಗುತ್ತದೆಂದು 2015ರಲ್ಲಿ ಡೆನ್ಮಾರ್ಕಿನ ಸಂಶೋಧಕರು ತೋರಿಸಿದ್ದಾರೆ.

ಎರಡು ಎಚ್ಚರಿಕೆಗಳಿವೆ. ನೋವು ಹಿಮ್ಮಡಿಯ ಮೂಳೆಗೆ ಅಂಟಿದ ಜಾಗದಲ್ಲೇ ಇದ್ದರೆ ಮೆಟ್ಟಿಲಿನ ಅಂಚಿನಿಂದ ಕೆಳಗೆ ಇಳಿಸಬಾರದು, ಏಕೆಂದರೆ ಆಗ ರಜ್ಜು ಮೂಳೆಗೆ ಒತ್ತಿಕೊಂಡು ನೋವು ಹೆಚ್ಚುತ್ತದೆ. ಸಮತಟ್ಟಾದ ನೆಲದ ಮೇಲೆ ಮಾಡಬೇಕು, ಮೀನಖಂಡವನ್ನು ಎಳೆದು ಹಿಗ್ಗಿಸುವ ವ್ಯಾಯಾಮವನ್ನೂ ಕೆಲಕಾಲ ಬಿಡಬೇಕು. ಎರಡನೆಯದು, ಮಾಡುವಾಗ ಸ್ವಲ್ಪ ನೋವು ಬರುವುದು ತಪ್ಪಲ್ಲ: ಹತ್ತರಲ್ಲಿ ಐದರವರೆಗಿನ ನೋವನ್ನು, ಅದು ಮರುದಿನ ಬೆಳಿಗ್ಗೆಗೆ ಇಳಿದಿದ್ದರೆ, ಒಪ್ಪಬಹುದೆಂದು ಈ ಕ್ಷೇತ್ರದವರು ಹೇಳುತ್ತಾರೆ. ಸವಾರಿಗೂ ಇದೇ ಅಳತೆ. ಬಯಲು ರಸ್ತೆ, ಹಗುರ ಗೇರು, ಸೀಟು ಬಿಟ್ಟೇಳದೆ ತುಳಿಯುವುದು. ಹೀಗೆ ಮಾಡಿದರೆ ಸೈಕಲ್ಲನ್ನು ಮೂಲೆಗೆ ಸೇರಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಬೇಗ ವಾಸಿಯಾಗಲೆಂದು ರಜ್ಜಿಗೇ ಸ್ಟಿರಾಯ್ಡ್ ಇಂಜೆಕ್ಷನ್ ಕೇಳುವವರಿದ್ದಾರೆ. ಅದು ಕೆಲವು ವಾರ ನೋವನ್ನು ಅಡಗಿಸಬಹುದು, ಆದರೆ ರಜ್ಜು ಹರಿಯುವ ಅಪಾಯವಿರುವುದರಿಂದ ಅದನ್ನು ಬಲ್ಲ ವೈದ್ಯರು ಹಿಂಜರಿಯುತ್ತಾರೆ. ಇದಕ್ಕಿಂತ ಕಡಿಮೆ ತಿಳಿದಿರುವ ಸಂಗತಿಯೆಂದರೆ ಸಿಪ್ರೋಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್ ಮುಂತಾದ ಆಂಟಿಬಯಾಟಿಕ್‌ಗಳು ಇದೇ ರಜ್ಜಿಗೆ ಹಾನಿ ಮಾಡಬಲ್ಲವು ಎಂಬುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಇವುಗಳ ಮೇಲೆ ಅತಿ ಗಂಭೀರ ಮಟ್ಟದ ಎಚ್ಚರಿಕೆಯನ್ನು ಮುದ್ರಿಸುವಂತೆ ಹೇಳಿತು. 60 ದಾಟಿದವರಿಗೂ ಸ್ಟಿರಾಯ್ಡ್ ಮಾತ್ರೆ ಸೇವಿಸುವವರಿಗೂ ಅಪಾಯ ಹೆಚ್ಚು. ನಮ್ಮಲ್ಲಿ ಭೇದಿಗೂ ಉರಿಮೂತ್ರಕ್ಕೂ ಚೀಟಿ ಇಲ್ಲದೆಯೇ ಇವನ್ನು ಕೊಂಡು ನುಂಗುವವರು ಎಷ್ಟು ಮಂದಿ ಎಂಬುದು ಎಲ್ಲರಿಗೂ ಗೊತ್ತಿದೆ. ಆ ಮಾತ್ರೆ ನುಂಗುತ್ತಿರುವಾಗ ಅಥವಾ ಅದಾದ ಕೆಲ ವಾರಗಳಲ್ಲಿ ಹಿಮ್ಮಡಿಯ ಮೇಲೆ ನೋವು ಕಾಣಿಸಿಕೊಂಡರೆ ಸವಾರಿ ನಿಲ್ಲಿಸಿ ವೈದ್ಯರಿಗೆ ತಿಳಿಸಲೇಬೇಕು. ತುಳಿಯುತ್ತಲೋ ಜಿಗಿಯುತ್ತಲೋ ಇರುವಾಗ ಹಿಂದಿನಿಂದ ಯಾರೋ ಒದ್ದಂತೆ ‘ಟಪ್’ ಎಂದು, ಆಮೇಲೆ ತುದಿಗಾಲಿನಲ್ಲಿ ನಿಲ್ಲಲಾಗದಿದ್ದರೆ ರಜ್ಜು ಹರಿದಿದೆ ಎಂದೇ ಭಾವಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಪಾದ ಅಲ್ಪಸ್ವಲ್ಪ ಅಲುಗಾಡುತ್ತದೆ ಎಂಬ ಕಾರಣಕ್ಕೆ ಉಳುಕು ಎಂದುಕೊಂಡು ವಾರ ಕಳೆಯುವವರು ಈಗಲೂ ಇದ್ದಾರೆ.

ಈಗ ಊತದ ವಿಷಯ. ಒಂದೇ ಕಾಲಿನ ಮೀನಖಂಡ ದಿನ ಎರಡು ದಿನಗಳಲ್ಲಿ ಊದಿ, ಬಿಸಿಯಾಗಿ, ಬಿಗಿದು ನೋಯತೊಡಗಿದರೆ ಮೊದಲು ಅನುಮಾನಿಸಬೇಕಾದದ್ದು ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದನ್ನು. ಚೆನ್ನಾಗಿ ಸೈಕಲ್ ತುಳಿಯುವವರಿಗೆ ಇದು ಬರುವುದಿಲ್ಲ ಎಂಬ ನಂಬಿಕೆ ಹುಸಿ. ದೂರದ ಸವಾರಿಗಾಗಿ ರಾತ್ರಿಯಿಡೀ ಬಸ್ಸಿನಲ್ಲಿ ಕಾಲು ಮಡಚಿ ಕೂತು ಹೋಗುವುದು, ನೀರು ಕಡಿಮೆ ಕುಡಿಯುವುದು, ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿರುವುದು, ಈಚೆಗೆ ಶಸ್ತ್ರಚಿಕಿತ್ಸೆ ಆಗಿರುವುದು, ಇವೆಲ್ಲ ಅದಕ್ಕೆ ಎಡೆ ಮಾಡಿಕೊಡುತ್ತವೆ. ನನಗೆ ಪರಿಚಯದ ಸವಾರರೊಬ್ಬರು ಇಂಥ ಪ್ರಯಾಣದ ನಂತರದ ಊತವನ್ನು ಸ್ನಾಯು ಸೆಳೆತವೆಂದು ತಿಳಿದು ಮಾಲೀಸಿಗೆ ಹೊರಟಿದ್ದರು. ಮನೆಯವರ ಒತ್ತಾಯಕ್ಕೆ ಡಾಪ್ಲರ್ ಸ್ಕ್ಯಾನ್ ಮಾಡಿಸಿದಾಗ ಹೆಪ್ಪು ಕಂಡುಬಂದು, ತಿಂಗಳುಗಳ ಕಾಲ ರಕ್ತ ತೆಳುವಾಗಿಸುವ ಔಷಧ ಸೇವಿಸಬೇಕಾಯಿತು. ಇಂಥ ಕಾಲನ್ನು ತಿಕ್ಕಬಾರದು, ಏಕೆಂದರೆ ಹೆಪ್ಪಿನ ತುಣುಕು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಮನೆಯಲ್ಲಿ ಟೇಪು ಹಿಡಿದು, ಮಂಡಿಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಎರಡೂ ಕಾಲುಗಳ ಸುತ್ತಳತೆ ತೆಗೆದಾಗ 3 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ವೈದ್ಯರೂ ಅದನ್ನು ಗಂಭೀರ ಸೂಚನೆಯಾಗಿ ಎಣಿಸುತ್ತಾರೆ. ವ್ಯತ್ಯಾಸ ಅದಕ್ಕಿಂತ ಕಡಿಮೆ ಎಂದು ನಿಶ್ಚಿಂತರಾಗಿರುವಂತೆಯೂ ಇಲ್ಲ. ಊತದ ಜೊತೆ ಉಸಿರುಕಟ್ಟುವಿಕೆ, ಎದೆನೋವು ಅಥವಾ ಕೆಮ್ಮಿನಲ್ಲಿ ರಕ್ತ ಕಂಡರೆ 108ಕ್ಕೆ ಕರೆ ಮಾಡುವುದೊಂದೇ ದಾರಿ.

ಎರಡೂ ಕಾಲು ಸಂಜೆಯ ಹೊತ್ತಿಗೆ ಊದಿ, ಬೆರಳಿನಿಂದ ಒತ್ತಿದಲ್ಲಿ ಗುಳಿ ಉಳಿಯುತ್ತಿದ್ದರೆ ಸೈಕಲ್ಲನ್ನು ದೂರುವ ಮೊದಲು ಹೃದಯ, ಮೂತ್ರಪಿಂಡ ಮತ್ತು ಯಕೃತ್ತಿನ ತಪಾಸಣೆಯಾಗಬೇಕು. ರಕ್ತದೊತ್ತಡಕ್ಕೆ ಬಹಳ ಮಂದಿ ಸೇವಿಸುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಕಣಕಾಲು ಊದುವುದುಂಟು; ಹಾಗೆಂದು ಮಾತ್ರೆಯನ್ನು ತಾವಾಗಿಯೇ ಬಿಡಬಾರದು, ವೈದ್ಯರು ಬದಲಿಸಿಕೊಡುತ್ತಾರೆ. ಉಬ್ಬಿದ ರಕ್ತನಾಳಗಳು, ಚರ್ಮದ ಸೋಂಕು, ಮಂಡಿಯ ಹಿಂದಿನ ನೀರುಗುಳ್ಳೆ ಒಡೆಯುವುದು, ಕಲಬುರಗಿ, ಬೀದರ್ ಕಡೆ ಹಾಗೂ ಕರಾವಳಿಯಲ್ಲಿ ಆನೆಕಾಲು ರೋಗ, ಹೀಗೆ ಕಾರಣಗಳು ಹಲವು. ಬಿಸಿಲಿನಲ್ಲಿ ಇಡೀ ದಿನ ತುಳಿದಾಗ ಪಾದ ತುಸು ಊದಿ ಬೂಟು ಬಿಗಿಯಾಗುವುದು ಮಾತ್ರ ಸಾಮಾನ್ಯ. ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಅದು ಇಳಿದಿರುತ್ತದೆ.

ಆದ್ದರಿಂದ ತಮ್ಮ ಪತ್ರಿಕೆಯ ಮೂಲಕ ಕೆಲವರಲ್ಲಿ ಮನವಿ. ಸೈಕಲ್ ಜಾಥಾ ಮತ್ತು ಬ್ರೆವೆಗಳನ್ನು ಏರ್ಪಡಿಸುವವರು ಹೆಸರು ನೋಂದಾಯಿಸುವಾಗಲೇ ಈ ಲಕ್ಷಣಗಳನ್ನು ತಿಳಿಸುವ ಒಂದು ಹಾಳೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಲಿ. ಸೈಕಲ್ ಮಾರುವ ಅಂಗಡಿಯವರು ಬಿಲ್ಲು ಕೊಡುವ ಮೊದಲು ಗಿರಾಕಿಯನ್ನು ಸೀಟಿನ ಮೇಲೆ ಕೂರಿಸಿ ಎತ್ತರ ಹೊಂದಿಸಿಕೊಡಲಿ. ಮಕ್ಕಳ ಸೈಕಲ್ಲಿನ ಎತ್ತರವನ್ನು ವರ್ಷಕ್ಕೊಮ್ಮೆ ನೋಡುವ ಕೆಲಸವನ್ನು ಶಾಲೆಯ ದೈಹಿಕ ಶಿಕ್ಷಕರಿಗೆ ಶಿಕ್ಷಣ ಇಲಾಖೆ ವಹಿಸಲಿ. ತಮ್ಮ ಆರೋಗ್ಯ ಪುಟದಲ್ಲಿ ಮೂಳೆ ತಜ್ಞರೊಬ್ಬರಿಂದಲೂ ಫಿಜಿಯೋಥೆರಪಿಸ್ಟ್ ಒಬ್ಬರಿಂದಲೂ ಈ ವ್ಯಾಯಾಮಗಳನ್ನು ಚಿತ್ರಗಳ ಸಮೇತ ಬರೆಯಿಸಿ ಪ್ರಕಟಿಸಿದರೆ, ತಜ್ಞರು ಸುಲಭವಾಗಿ ಸಿಗದ ತಾಲ್ಲೂಕುಗಳ ಸವಾರರಿಗೆ ಹೆಚ್ಚಿನ ಅನುಕೂಲವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸೈಕಲ್ ಸವಾರ, ಮೈಸೂರು