ಕಳ್ಳ ಯಾರಂತ ಮೊದಲೇ ಗೊತ್ತಾಯಿತು, ಅಮ್ಮ

ಪ್ಲಿಮತ್, ಇಂಗ್ಲೆಂಡ್
ನವೆಂಬರ್ 16

ಪ್ರೀತಿಯ ಅಮ್ಮನಿಗೆ,

ನಾನು ಆರಾಮಾಗಿದ್ದೇನೆ. ಇಲ್ಲಿ ಈಗ ಸಂಜೆ ನಾಲ್ಕೂವರೆಗೇ ಕತ್ತಲು. ಡ್ಯೂಟಿ ಮುಗಿಸಿ ಬಂದರೆ ಪುಸ್ತಕವೇ ಗತಿ. ಈ ವಾರ ಡಾಫ್ನೆ ಡು ಮೊರಿಯೆ 1936ರಲ್ಲಿ ಬರೆದ 'ಜಮೈಕಾ ಇನ್' ಓದಿದೆ. ನಿನಗೆ ಇಂಥ ಕಥೆ ಇಷ್ಟ ಅಲ್ವಾ, ಕೇಳು.

ತಾಯಿ ತೀರಿಕೊಂಡ ಮೇಲೆ ಮೇರಿ ಅನ್ನುವ ಹುಡುಗಿ ಚಿಕ್ಕಮ್ಮನ ಮನೆ ಸೇರುತ್ತಾಳೆ. ಚಿಕ್ಕಮ್ಮನ ಗಂಡ, ಕುಡುಕ ಜಾಸ್ ಮರ್ಲಿನ್, ಇಲ್ಲಿಯ ಬಾಡ್ಮಿನ್ ಬಯಲಿನಲ್ಲಿ ಜಮೈಕಾ ಇನ್ ಅನ್ನುವ ಛತ್ರದಂಥ ಹೋಟೆಲು ಇಟ್ಟಿರುತ್ತಾನೆ. ಗಿರಾಕಿ ಮಾತ್ರ ಇಲ್ಲ. ರಾತ್ರಿ ಗಾಡಿಗಳು ಬರುತ್ತವೆ, ಸಾಮಾನು ಇಳಿಯುತ್ತೆ. ದಡದಲ್ಲಿ ಸುಳ್ಳು ದೀಪ ತೋರಿಸಿ, ಹಡಗು ಬಂಡೆಗೆ ಬಡಿಯುವಂತೆ ಮಾಡಿ ದೋಚುವ ಗುಂಪು ಅವನದು. ಅವನಿಗೂ ಮೇಲೊಬ್ಬ ಯಜಮಾನ. ಪಕ್ಕದ ಊರಿನ ಪಾದ್ರಿ! ಬೆಳ್ಳನೆ ಕೂದಲು, ಮೆತ್ತನೆ ಮಾತು. ಮೇರಿ ಗುಟ್ಟೆಲ್ಲ ಅವನ ಮುಂದೆಯೇ ಹೇಳಿಕೊಳ್ಳುತ್ತಾಳೆ. "ಅಯ್ಯೋ ಪೆದ್ದಿ" ಅಂತ ಗಟ್ಟಿಯಾಗಿಯೇ ಅಂದುಬಿಟ್ಟೆ. ಸುಧಾದ ಧಾರಾವಾಹಿ ಓದುವಾಗ ನೀನು ಮೂರನೇ ವಾರಕ್ಕೇ ಹೇಳುತ್ತಿದ್ದೆಯಲ್ಲ, "ಜಾಸ್ತಿ ಒಳ್ಳೆಯವನೇ ಕಳ್ಳ" ಅಂತ. ಅದೇ ಲೆಕ್ಕ.

ಆದರೂ ರಾತ್ರಿ ಎರಡರವರೆಗೆ ಓದಿದೆ. ಆ ಗಾಳಿ, ಆ ಮಳೆ! ನಮ್ಮೂರು ಸಾಗರದ ಆಷಾಢದಲ್ಲಿ ಕರೆಂಟು ಹೋದಾಗ ಹಿತ್ತಿಲ ಬಾಗಿಲು ದಡಬಡ ಅನ್ನುತ್ತಿತ್ತಲ್ಲ, ಹಾಗೇ ಹೆದರಿಕೆಯಾಯಿತು.

ಭಾನುವಾರ ಗೆಳತಿಯ ಕಾರಲ್ಲಿ ಆ ಹೋಟೆಲಿಗೇ ಹೋಗಿ ಬಂದೆ. 1750ರ ಕಟ್ಟಡ, ಇವತ್ತಿಗೂ ನಡೆಯುತ್ತಿದೆ. ಒಳಗೆ ನೆಲದಲ್ಲಿ ಒಂದು ಲೋಹದ ಫಲಕ ಕೂರಿಸಿದ್ದಾರೆ, ಜಾಸ್ ಮರ್ಲಿನ್ ಕೊಲೆಯಾಗಿದ್ದು ಇಲ್ಲೇ ಅಂತ. ಹುಟ್ಟೇ ಇಲ್ಲದ ಮನುಷ್ಯ! ನಗು ಬಂತು, ಆದರೆ ತುಳಿಯಲು ಮನಸ್ಸಾಗದೆ ಪಕ್ಕದಿಂದ ದಾಟಿದೆ.

ನನಗೆ ಸಿಟ್ಟು ಬಂದಿದ್ದು ಪ್ರೀತಿಯ ವಿಷಯಕ್ಕೆ. ಜಾಸ್‌ನ ತಮ್ಮ ಜೆಮ್ ಕುದುರೆ ಕಳ್ಳ. ಮೇರಿ ಕೊನೆಗೆ ತನ್ನೂರಿನ ಆಸೆ ಬಿಟ್ಟು ಅವನ ಗಾಡಿ ಹತ್ತುತ್ತಾಳೆ. ಅದೇ ಮನೆತನಕ್ಕೆ ಸೇರಿ ಚಿಕ್ಕಮ್ಮ ಹೆದರಿ ಹೆದರಿ ಸವೆದುಹೋದದ್ದನ್ನು ಕಣ್ಣಾರೆ ಕಂಡವಳು! ಹತ್ತುತ್ತಾಳೆ ಅಂತಲೂ ಗೊತ್ತಿತ್ತು. ಹತ್ತಬೇಡ ಅಂದುಕೊಂಡೇ ಪುಟ ತಿರುಗಿಸಿದೆ. ಹತ್ತಿದಾಗ ಒಳಗೊಳಗೇ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

ಫೋನಲ್ಲಿ ಅಕ್ಕನಿಗೆ ಈ ಕಥೆ ಹೇಳಿದೆ. "ತಮ್ಮನೂ ಕುಡೀತಾನಾ?" ಅಂದಳು. ನೀನೂ ಅದನ್ನೇ ಕೇಳುತ್ತೀಯ ಅಂತ ಗೊತ್ತು. ಅಣ್ಣನಷ್ಟಿಲ್ಲ.

ನಿನ್ನ ಪ್ರೀತಿಯ ಮಗಳು