ಲಗ್ನಪತ್ರಿಕೆಗೆ ಅಂತ ಕೇಳಿ ಕೊಂಡ ಪ್ರಿಂಟರ್ ಬದಲಿಸಿಕೊಡುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಎಲೆಕ್ಟ್ರಾನಿಕ್ಸ್ ಮಳಿಗೆ, ಶಿವಮೊಗ್ಗ

ಮಾನ್ಯರೇ,

ಮಾರ್ಚ್ 4ರಂದು ನಿಮ್ಮ ಮಳಿಗೆಯಲ್ಲಿ 16,500 ರೂಪಾಯಿ ಕೊಟ್ಟು ಒಂದು ಇಂಕ್ ಟ್ಯಾಂಕ್ ಪ್ರಿಂಟರ್ ತೆಗೆದುಕೊಂಡೆ. ಯಾವ ಕೆಲಸಕ್ಕೆ ಅಂತ ಹೇಳಿ ಕೊಂಡೆನೋ ಆ ಕೆಲಸಕ್ಕೇ ಅದು ಬರುತ್ತಿಲ್ಲ. ಬದಲಿಸಿಕೊಡಿ ಅಂತ ಮೂರು ಸಲ ಕೇಳಿದೆ. "ಬಾಕ್ಸ್ ಓಪನ್ ಆದ ಮೇಲೆ ವಾಪಸ್ ಇಲ್ಲ" ಅನ್ನುವುದೊಂದೇ ಉತ್ತರ. ಹಾಗಾಗಿ ನಡೆದದ್ದನ್ನು ಬರೆದು ತಿಳಿಸುತ್ತಿದ್ದೇನೆ.

ಮೇ ತಿಂಗಳಲ್ಲಿ ನನ್ನ ಮಗಳ ಮದುವೆ. ನಮ್ಮದು ಸಾಗರದ ಹತ್ತಿರದ ಊರು. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಮದುವೆ ಅಂದರೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯಬೇಕು. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಪುಂಡಿ ನಾರಿನ ಕುಂಚ ಹಿಡಿಯುವುದನ್ನು ನನಗೆ ನಮ್ಮತ್ತೆ ಕಲಿಸಿದರು, ನಾನು ಮಗಳಿಗೆ ಕಲಿಸಿದೆ. ಅವಳು ತನ್ನ ಲಗ್ನಪತ್ರಿಕೆಗೆ ತಾನೇ ಹಸೆ ಬರೆದಳು. ಪ್ರೆಸ್‌ನವರು 500ಕ್ಕಿಂತ ಕಡಿಮೆ ಆದರೆ ಮಾಡುವುದಿಲ್ಲ ಅಂದರು. ನಮಗೆ ಬೇಕಿದ್ದದ್ದು 220. ಪ್ರತಿ ಪತ್ರಿಕೆಯಲ್ಲೂ ಕರೆಯುವ ಮನೆಯವರ ಹೆಸರು ಅಚ್ಚಾಗಿರಬೇಕು ಅನ್ನುವುದು ಅವಳ ಆಸೆ. ಮನೆಯಲ್ಲೇ ಮಾಡೋಣ ಅಂದುಕೊಂಡದ್ದು ಅದಕ್ಕೇ.

ನಾನು ಸುಮ್ನೆ ಹೋಗಿ ಯಾವುದೋ ಒಂದನ್ನು ಎತ್ತಿಕೊಂಡು ಬರಲಿಲ್ಲ. ಚೀಲದಲ್ಲಿ ಕಾರ್ಡ್ ಕಾಗದದ ಒಂದು ಹಾಳೆ ಇಟ್ಟುಕೊಂಡು ಬಂದಿದ್ದೆ. 300 ಜಿಎಸ್‌ಎಂ ಕಾಗದ ಅದು, ಅಂದರೆ ಒಂದು ಚದರ ಮೀಟರ್ ಕಾಗದ 300 ಗ್ರಾಂ ತೂಗುತ್ತದೆ. ಝೆರಾಕ್ಸ್ ಅಂಗಡಿಯ ಕಾಗದ 70, 80 ಇರುತ್ತದೆ. ಅಂದರೆ ಇದು ಸುಮಾರು ನಾಲ್ಕು ಪಟ್ಟು ದಪ್ಪ. ಆ ಹಾಳೆಯನ್ನು ನಿಮ್ಮ ಸೇಲ್ಸ್ ಹುಡುಗನ ಕೈಯಲ್ಲೇ ಇಟ್ಟೆ. ಎರಡು ಮಾತು ಕೇಳಿದೆ. ಒಂದು, ಇಷ್ಟು ದಪ್ಪ ಕಾಗದ ಹೋಗುತ್ತದಾ? ಎರಡು, ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಕಲಸಿ ಹಚ್ಚುತ್ತೇವೆ, ನೀರು ತಾಗಿದರೆ ಬಣ್ಣ ಬಿಡುತ್ತದಾ? "ಎಲ್ಲಾ ಆಗುತ್ತೆ ಮೇಡಂ, ಇದು ಫೋಟೋನೂ ಪ್ರಿಂಟ್ ಮಾಡುತ್ತೆ" ಅಂದ. ಒಂದು ಹಾಳೆ ಇಲ್ಲೇ ತೆಗೆದು ತೋರಿಸಪ್ಪಾ ಅಂದೆ. ಡೆಮೋ ಮಷೀನಿಗೆ ಇಂಕ್ ಹಾಕಿಲ್ಲ ಅಂದ. ನಂಬಿದೆ.

ಮನೆಗೆ ತಂದು ಮೊದಲ ಹಾಳೆ ಹಾಕಿದಾಗಲೇ ಸಿಕ್ಕಿಕೊಂಡಿತು. ಈ ಪ್ರಿಂಟರಿನಲ್ಲಿ ಕಾಗದ ಇಡುವುದು ಮುಂದಿನ ಟ್ರೇಯಲ್ಲಿ. ಅದು ಒಳಗೆ ಹೋಗಿ ಹಿಂದೆ ಪೂರ್ತಿ ಬಾಗಿ, ತಿರುಗಿ ಮತ್ತೆ ಮುಂದಕ್ಕೇ ಬರಬೇಕು. ದಪ್ಪ ಕಾರ್ಡು ಹಾಗೆ ಬಾಗುವುದು ಹೇಗೆ? ಕೆಲವು ಹಾಳೆ ಮಡಿಕೆ ಬಿದ್ದು ಬಂದವು, ಕೆಲವು ಓರೆಯಾಗಿ ಬಂದವು. ಹಿಂದಿನಿಂದ ಕಾಗದ ಹಾಕುವ, ಹೆಚ್ಚು ಬಾಗಿಸದೆ ಮುಂದಕ್ಕೆ ತಳ್ಳುವ ಪ್ರಿಂಟರುಗಳು ನಿಮ್ಮ ಮಳಿಗೆಯಲ್ಲೇ ಇದ್ದವು. ಪಕ್ಕದ ಸಾಲಿನಲ್ಲೇ ಇದ್ದವು ಅಂತ ಆಮೇಲೆ ಬಂದಾಗ ನೋಡಿದೆ.

ಇನ್ನು ಬಣ್ಣದ ವಿಷಯ. ಇದು ನನಗೆ ಜಾಸ್ತಿ ನೋವು ಕೊಟ್ಟಿದ್ದು. ಇಂಥ ಪ್ರಿಂಟರಿನಲ್ಲಿ ಬಿಳಿ ಇಂಕ್ ಇರುವುದಿಲ್ಲ. ಸುತ್ತ ಕೆಂಪು ಅಚ್ಚಾಗಿ, ಗೆರೆಯ ಜಾಗದಲ್ಲಿ ಕಾಗದ ಹಾಗೇ ಉಳಿಯಬೇಕು. ಆ ಖಾಲಿ ಜಾಗವೇ ಹಸೆಯ ಗೆರೆ. ಸಿಕ್ಕಿಕೊಳ್ಳದೆ ಬಂದ ಹಾಳೆಗಳಲ್ಲಿ ಕೆಂಪು ಇಂಕ್ ಹರಡಿ ಸಣ್ಣ ಗೆರೆಗಳೆಲ್ಲ ಮುಚ್ಚಿಹೋದವು. ಒಂದು ರಾತ್ರಿ ಪೂರ್ತಿ ಒಣಗಲು ಬಿಟ್ಟು, ಬೆಳಿಗ್ಗೆ ಮೂಲೆಗೆ ಅರಿಶಿನ ಹಚ್ಚಿ ನೋಡಿದೆ. ಬೆರಳಿಗೆ ಕೆಂಪು ಬಂತು, ಅಂಚಿನ ಚಿತ್ತಾರ ಕಲಸಿಹೋಯಿತು. ದೇವರ ಮುಂದೆ ಇಡುವ ಮೊದಲ ಪತ್ರಿಕೆ ಹೀಗಿದ್ದರೆ ಹೇಗೆ ಹೇಳಿ?

ರಿಪೇರಿಗೆ ಬಂದ ಟೆಕ್ನಿಷಿಯನ್ ಬಿಡಿಸಿ ಹೇಳಿದರು. ಈ ಪ್ರಿಂಟರಿನಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್ ಇಂಕ್, ಬಣ್ಣಗಳೆಲ್ಲ ಡೈ ಇಂಕ್. ಡೈ ನೀರಿನಲ್ಲಿ ಕರಗಿರುವ ಬಣ್ಣ, ಒದ್ದೆಯಾದರೆ ಬಿಡುತ್ತದೆ. ಪಿಗ್ಮೆಂಟ್ ಅಂದರೆ ಸಣ್ಣ ಪುಡಿ, ಒಣಗಿದ ಮೇಲೆ ಕಾಗದದ ಮೇಲೇ ಕೂರುತ್ತದೆ. ಎಲ್ಲಾ ಬಣ್ಣವೂ ಪಿಗ್ಮೆಂಟ್ ಇರುವ ಪ್ರಿಂಟರುಗಳೂ ಇವೆಯಂತೆ. ಇದನ್ನೇ ಅಲ್ವಾ ನಾನು ಅಂಗಡಿಯಲ್ಲಿ ಕೇಳಿದ್ದು? ಕಾಗದದ ದಪ್ಪದ ಮಿತಿಯೂ ಪ್ರಿಂಟರಿನ ಜೊತೆ ಬಂದ ಪುಸ್ತಕದಲ್ಲೇ ಇದೆ. ಆ ಹುಡುಗ ಎರಡು ನಿಮಿಷ ತೆರೆದು ನೋಡಿದ್ದರೆ ಸಾಕಿತ್ತು. ಗೊತ್ತಿಲ್ಲ ಅಂದಿದ್ದರೂ ನನಗೆ ಬೇಸರ ಇರಲಿಲ್ಲ. ಬೇರೆ ಕಡೆ ವಿಚಾರಿಸುತ್ತಿದ್ದೆ.

ದಪ್ಪ ಕಾಗದ ಹಾಕಿದ್ದಕ್ಕೆ ರೋಲರ್ ಸವೆದಿದೆ, ಅದು ವಾರಂಟಿಗೆ ಬರುವುದಿಲ್ಲ ಅಂತ ಈಗ ಹೇಳುತ್ತಿದ್ದೀರಿ. ಅದೇ ಕಾಗದ ತೋರಿಸಿ, ನಿಮ್ಮವರು ಆಗುತ್ತೆ ಅಂದ ಮೇಲೇ ಹಾಕಿದ್ದು. ಇದನ್ನು ನಾನು ಒಪ್ಪುವುದಿಲ್ಲ.

ನಾನು ಕೇಳುವುದು ಇಷ್ಟು. ಈ ಪ್ರಿಂಟರ್ ವಾಪಸ್ ತೆಗೆದುಕೊಳ್ಳಿ. ಹಿಂದಿನಿಂದ 300 ಜಿಎಸ್‌ಎಂ ಕಾಗದ ಹೋಗುವ, ಎಲ್ಲಾ ಬಣ್ಣವೂ ಪಿಗ್ಮೆಂಟ್ ಇರುವ ಒಂದನ್ನು ಕೊಡಿ. ಬೆಲೆ ಹೆಚ್ಚಿದ್ದರೆ ವ್ಯತ್ಯಾಸ ನಾನು ಕಟ್ಟುತ್ತೇನೆ. ಈ ಸಲ ನನ್ನ ಹಾಳೆಯನ್ನು ಅಲ್ಲೇ ಮುದ್ರಿಸಿ, ಅರಿಶಿನ ಹಚ್ಚಿ ನೋಡಿ ಕೊಡಿ. ಅಂಥದ್ದು ನಿಮ್ಮಲ್ಲಿ ಇಲ್ಲದಿದ್ದರೆ ಪೂರ್ತಿ ಹಣ ಹಿಂದಿರುಗಿಸಿ. ಹಾಳಾದ 38 ಹಾಳೆಗಳ 570 ರೂಪಾಯಿಯನ್ನೂ ಕೊಡಬೇಕು. ಹಾಳೆಗಳನ್ನು ಎಸೆಯದೆ ಇಟ್ಟಿದ್ದೇನೆ.

ಒಂದು ವಸ್ತು ಯಾವ ಉಪಯೋಗಕ್ಕೆ ಬರುತ್ತದೆ ಅಂತ ತಪ್ಪು ಹೇಳಿ ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. ಏಳು ದಿನದೊಳಗೆ ಉತ್ತರ ಬಾರದಿದ್ದರೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸುತ್ತೇನೆ. ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ಮದುವೆ ಮನೆಯ ಕೆಲಸದ ನಡುವೆ ಅದಕ್ಕೆ ಓಡಾಡುವುದು ನನಗೆ ಕಷ್ಟ, ಆದರೂ ಬಿಡುವುದಿಲ್ಲ.

ಪತ್ರಿಕೆ ಹಂಚಲು ಏಪ್ರಿಲ್ 10ಕ್ಕೆ ಶುರು ಮಾಡಬೇಕು. ದಯವಿಟ್ಟು ಅದಕ್ಕೆ ಮೊದಲೇ ಮುಗಿಸಿಕೊಡಿ. ರಸೀದಿಯ ಪ್ರತಿ, ಟೆಕ್ನಿಷಿಯನ್ ಬರೆದುಕೊಟ್ಟ ಚೀಟಿ ಮತ್ತು ಹಾಳಾದ ಎರಡು ಹಾಳೆಗಳನ್ನು ಇದರ ಜೊತೆ ಇಟ್ಟಿದ್ದೇನೆ. ಸಂಜೆ ನಾಲ್ಕರ ಮೇಲೆ ಯಾವಾಗ ಫೋನ್ ಮಾಡಿದರೂ ಸಿಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ
ಸಾಗರ ತಾಲ್ಲೂಕು