ಜಪಾನಿನ ಸಗಮಿಹಾರಕ್ಕೆ, ತಿಪಟೂರಿನಿಂದ

ಪುಟ್ಟೀ,

ಹೊರಡೋ ಹೊತ್ತಲ್ಲಿ ಹಾಗೆ ಅನ್ನಬಾರದಿತ್ತು. ‘ಸತ್ತ ಉಪಗ್ರಹದ ಲೆಕ್ಕ ಬರೆದರೆ ಅನ್ನ ಹುಟ್ಟುತ್ತಾ?’ ಅಂದುಬಿಟ್ಟೆ. ನೀನು ಎದುರಾಡಲಿಲ್ಲ, ಅದೇ ಚುಚ್ಚಿತು. ಎರಡು ದಿನದಿಂದ ನಿನ್ನಮ್ಮ ಕಾಫಿ ಕೊಡುತ್ತಾಳೆ, ಮಾತು ಕೊಡುವುದಿಲ್ಲ.

ನೀನು ಬಿಟ್ಟುಹೋದ ನೋಟ್ಸ್ ಓದಿದೆ. ನೀನು ಓದೋಕೆ ಹೊರಟ ಆ ಉಪಗ್ರಹ, ಜಿಯೋಟೇಲ್, ಹಾರಿದ್ದು 1992ರ ಜುಲೈ. ನಾನಾಗ ಕಂಬ ಹತ್ತುತ್ತಿದ್ದೆ. ಸೌರಮಾರುತ, ಅಂದರೆ ಸೂರ್ಯನಿಂದ ಬೀಸುವ ಕಣಗಳ ಗಾಳಿ, ಭೂಮಿಯ ಕಾಂತಕ್ಷೇತ್ರವನ್ನು ಕತ್ತಲ ಕಡೆಗೆ ಬಾಲದ ಹಾಗೆ ಎಳೆದಿರುತ್ತದಂತೆ. ಆ ಬಾಲದಲ್ಲಿ ಅದು 13 ಲಕ್ಷ ಕಿಲೋಮೀಟರ್ ಆಚೆಗೂ, ಚಂದ್ರನ ಮೂರು ಪಟ್ಟಿಗಿಂತ ದೂರ, ಹೋಗಿ ಬಂದಿದೆ. ಅಲ್ಲಿ ಚಮಚದಷ್ಟು ಜಾಗ ಜಾಲಾಡಿದರೆ ಒಂದೋ ಎರಡೋ ಕಣ, ಬಿಸಿ ಮಾತ್ರ ಕೋಟಿ ಡಿಗ್ರಿ ಲೆಕ್ಕದಲ್ಲಿ. ಕಾಂತಕ್ಷೇತ್ರದ ಬಿಗಿದ ಬಲರೇಖೆಗಳು ಕಡಿದು ಮತ್ತೆ ಕೂಡಿದಾಗ ಆ ಬಿಸಿ ಕಣಗಳ, ಅಂದರೆ ಪ್ಲಾಸ್ಮಾದ, ಒಂದು ಪಾಲು ಭೂಮಿಯತ್ತ, ಇನ್ನೊಂದು ಉಂಡೆಯಾಗಿ ಬಾಲದ ತುದಿಯತ್ತ ಚಿಮ್ಮುತ್ತದೆ. ಇಷ್ಟು ಮಾತ್ರ ಲೈನ್‌ಮನ್ನನಿಗೂ ಅರ್ಥವಾಗುತ್ತೆ. ಬಿಗಿದ ತಂತಿ ಕಡಿದರೆ ಎರಡು ತುದಿಯೂ ಹೊಡೆಯುತ್ತವೆ. ಮುಂಗೈ ಗಾಯ ನೋಡಿದ್ದೀಯಲ್ಲ.

ಅರಸೀಕೆರೆ ಬಸ್ ಸ್ಟ್ಯಾಂಡು ನೆನಪಿದೆಯಾ? ನಿನಗೆ ಆರು ವರ್ಷ. ನೀರು ತರೋಕೆ ನಾನು ಇಳಿದೆ, ಬಸ್ಸು ಹೊರಟೇಬಿಟ್ಟಿತು. ಕಿಟಕಿಯಲ್ಲಿ ನೀನು, ಕೈಯಲ್ಲಿ ಖಾರ ಹಚ್ಚಿದ ಸೌತೆಕಾಯಿ. ಓಡಿದೆ, ಚಪ್ಪಲಿ ಕಿತ್ತಿತು. ನೀನು ಅಳಲಿಲ್ಲ, ಕೈ ಬೀಸಿದೆ! ಆಟೋ ಹಿಡಿದು ಊರಾಚೆ ಬಸ್ಸು ಅಡ್ಡಗಟ್ಟಿ ಹತ್ತಿದರೆ, ನೀನು ಕಂಡಕ್ಟರ್ ಪಕ್ಕ ಕೂತು ಟಿಕೆಟ್ ಎಣಿಸುತ್ತಿದ್ದೆ. ಸೌತೆಕಾಯಿ ಮುಗಿದಿತ್ತು. ಅವತ್ತೂ ನಿನಗೇ ಬೈದೆ. ಇಳಿದವನು ನಾನು, ಬೈಸಿಕೊಂಡವಳು ನೀನು. ಈಗಲೂ ಕನಸಲ್ಲಿ ಆ ಬಸ್ಸಿನ ಹಿಂದೆ ಬರಿಗಾಲಲ್ಲಿ ಓಡುತ್ತೇನೆ. ಮೊನ್ನೆ ಏರ್‌ಪೋರ್ಟಿನ ಗಾಜಿನಾಚೆಯಿಂದ ನೀನು ಅದೇ ಥರ ಕೈ ಬೀಸಿದೆ.

ಹುಣ್ಣಿಮೆಯ ಆಸುಪಾಸು ಆರು ದಿನ ಚಂದ್ರನೂ ಆ ಬಾಲದೊಳಗೇ ಇರುತ್ತಾನಂತೆ. 2019ರಲ್ಲಿ ಚಂದ್ರಯಾನ-2ರ ‘ಕ್ಲಾಸ್’ ಅನ್ನೋ ಉಪಕರಣ ಅಲ್ಲಿನ ಕಣಗಳನ್ನು ಹಿಡಿದಿತ್ತು. ಅದನ್ನು ಕಟ್ಟಿದ್ದು ಬೆಂಗಳೂರಿನಲ್ಲಿ, ಗೊತ್ತಲ್ಲ? ಇಲ್ಲೇ ಓದಬಹುದಿತ್ತು. ಹೆಣ್ಣುಮಗಳು ಒಬ್ಬಳೇ ಅಷ್ಟು ದೂರ... ನೋಡು, ಮತ್ತೆ ಶುರುವಾಯಿತು. ಬಿಡು. ಹೊತ್ತು ಹೊತ್ತಿಗೆ ಊಟ ಮಾಡು, ರಾತ್ರಿಯೆಲ್ಲ ಸ್ಕ್ರೀನ್ ನೋಡಬೇಡ, ಕೇಳದೇ ಯಾರಿಗೂ ಸಾಲ ಕೊಡಬೇಡ. ಕೇಳಿದರೂ ಕೊಡಬೇಡ.

ಜಿಯೋಟೇಲಿನಲ್ಲಿ ಲೆಕ್ಕ ಬರೆದಿಡುವ ಒಂದು ರೆಕಾರ್ಡರ್ 2012ರಲ್ಲಿ ಕೆಟ್ಟಿತು, ಉಳಿದೊಂದು ಇನ್ನೂ ಹತ್ತು ವರ್ಷ ಎಳೆಯಿತು. 30 ವರ್ಷದ ಲೆಕ್ಕ ಇನ್ನೂ ಓದುವವರಿಗೆ ಕಾದಿದೆ. ಸತ್ತದ್ದು ಅಂದದ್ದು ತಪ್ಪು. ಪೇಟೆಯಲ್ಲಿ ಕೊಬ್ಬರಿ ವ್ಯಾಪಾರಿಗಳಿಗೆಲ್ಲ ಹೇಳಿಕೊಂಡು ಬಂದೆ, ಅವರಿಗೆ ತಲೆಬುಡ ತಿಳಿಯಲಿಲ್ಲ.

ಇನ್ನೊಂದು. ಅಲ್ಲಿ ಕರೆಂಟು 100 ವೋಲ್ಟ್. ನೀನು ಹೊತ್ತೊಯ್ದ ನಮ್ಮ ಕರೆಂಟ್ ಕುಕ್ಕರಿನಲ್ಲಿ ಅನ್ನ ಬೇಯುವುದಿಲ್ಲ. ಬೇರೆ ತಗೋ, ದುಡ್ಡು ಹಾಕಿದ್ದೇನೆ.

ಅಪ್ಪ